ಮಗ್ಗದ ಮನೆಯ ಮೂಕ ಧಾರಾವಾಹಿ

ನಮ್ಮ ಮನೆಯಲ್ಲಿ ಟಿವಿ ನೋಡುತ್ತೇವೆ, ಕೇಳುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಡುಮನೆಯಲ್ಲಿ ಟಿವಿ, ಗೋಡೆಯ ಆಚೆಗೆ ಕರೆಂಟಿನ ಮಗ್ಗಗಳು. ಅವು ಓಡುತ್ತಿರುವಾಗ ಆ ಖಟಖಟದಲ್ಲಿ ಟಿವಿಯ ಮಾತು ಕೇಳಬೇಕಾದರೆ ಪೆಟ್ಟಿಗೆಯೊಳಗೇ ಹೋಗಿ ಕೂರಬೇಕು. ಕರೆಂಟ್ ಹೋದರೆ ಮಗ್ಗವೂ ನಿಲ್ಲುತ್ತದೆ, ಟಿವಿಯೂ ನಿಲ್ಲುತ್ತದೆ. ಹೀಗಾಗಿ ನಮ್ಮ ಮನೆಯವರೆಲ್ಲ ವರ್ಷಗಟ್ಟಲೆ ನೋಡಿದ ಧಾರಾವಾಹಿಯ ನಾಯಕಿಯ ದನಿ ಹೇಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಳುವುದನ್ನು ಮಾತ್ರ ಚೆನ್ನಾಗಿ ಅಳುತ್ತಾಳೆ.

ಇದರಿಂದ ನಮಗೇನೋ ನಷ್ಟವಾಗಿದೆ ಎಂದುಕೊಳ್ಳಬೇಡಿ. ಮಗ್ಗದ ಮನೆಯವರು ಮುಖ ಓದುವುದರಲ್ಲಿ ಪಳಗಿದವರು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಬ್ಬೆರಳನ್ನು ಬಾಯಿಯತ್ತ ತಂದರೆ ಕಾಫಿ, ಐದೂ ಬೆರಳು ತಂದರೆ ಊಟ, ಸೊಂಟದ ಮೇಲೆ ಕೈಯಿಟ್ಟರೆ ನನ್ನದೇನೋ ತಪ್ಪಾಗಿದೆ. ಹಿಂದಿನ ಪಂಡಿತರು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆ ಮಾಡಿದ್ದರಂತೆ. ನಮ್ಮಲ್ಲಿ ಮಾತಿನ ವಾಚಿಕವೊಂದನ್ನು ಬಿಟ್ಟು ಉಳಿದೆಲ್ಲ ಸಮೃದ್ಧವಾಗಿದೆ. ಧಾರಾವಾಹಿ ತೆಗೆಯುವವರೂ ನಮ್ಮಂಥವರನ್ನು ನೆನೆದೇ ತೆಗೆಯುತ್ತಾರೋ ಏನೋ! ಯಾರಿಗಾದರೂ ಆಘಾತವಾದರೆ ಆ ಮುಖವನ್ನು ಎಡದಿಂದ ತೋರಿಸಿ, ಬಲದಿಂದ ತೋರಿಸಿ, ಸಾಲದೆಂದು ಮಹಡಿಯ ಮೇಲಿಂದಲೂ ತೋರಿಸುತ್ತಾರೆ. ಇಷ್ಟಾದ ಮೇಲೂ ಅರ್ಥವಾಗದವನು ಮಾತು ಕೇಳಿಸಿದರೂ ಉದ್ಧಾರವಾಗುವುದಿಲ್ಲ ಎಂದು ನಾನು ನಂಬಿದ್ದೆ.

ಸಿನಿಮಾ, ಟಿವಿ ನೋಡಿ ಮಕ್ಕಳು ಕೆಡುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ನಾವೂ ಟೆಂಟ್ ಸಿನಿಮಾ ನೋಡಿ ಬಂದು ಜೋಳದ ದಂಟಿನಲ್ಲಿ ಕತ್ತಿವರಸೆ ಮಾಡಿದವರೇ. ನನಗೆ ಸದಾ ಸಾಯುವ ಸೈನಿಕನ ಪಾತ್ರ, ಅದೂ ಮೊದಲನೇ ಹೊಡೆತಕ್ಕೇ. ಸಮೇತನಹಳ್ಳಿಯಲ್ಲಿರುವ ನನ್ನ ಷಡ್ಡಕನ ಮೊಮ್ಮಗ ಸಿನಿಮಾ ನಾಯಕನ ಹಾಗೆ ಗೇಟನ್ನು ಒದ್ದು ತೆರೆಯಲು ಹೋಗಿ ಕಾಲಿನ ಹೆಬ್ಬೆರಳು ಮುರಿದುಕೊಂಡ. ಅದು ಹೊರಕ್ಕೆ ಎಳೆದು ತೆಗೆಯುವ ಗೇಟು. ಬ್ಯಾಂಡೇಜು ಸುತ್ತುವಾಗಲೂ ಆಸಾಮಿ ಕಪ್ಪು ಕನ್ನಡಕ ತೆಗೆಯಲಿಲ್ಲವಂತೆ. ಇದನ್ನು ಹೋದ ತಿಂಗಳವರೆಗೂ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ.

ನನ್ನ ಮೊಮ್ಮಗಳು ಜಾನು ಎರಡನೇ ಕ್ಲಾಸು. ಅಜ್ಜಿಯ ಮಡಿಲಲ್ಲಿ ಕೂತು ಧಾರಾವಾಹಿ ನೋಡಿಯೇ ಬೆಳೆದವಳು. ಹಾಗಲಕಾಯಿ ಪಲ್ಯ ಬಡಿಸಿದರೆ ಬೇಡ ಎನ್ನುವುದಿಲ್ಲ. ಕತ್ತನ್ನು ನಿಧಾನವಾಗಿ ತಿರುಗಿಸಿ, ಕಣ್ಣು ಅರಳಿಸಿ, ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಳ್ಳುತ್ತಾಳೆ. ನಾವು ಅದನ್ನು ನೆಂಟರ ಮುಂದೆ ಮಾಡಿಸಿ ಚಪ್ಪಾಳೆ ತಟ್ಟುತ್ತಿದ್ದೆವು.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡಬೇಕು. ನನಗೆ ಒಬ್ಬನೇ ತಮ್ಮ, ನಾಗರಾಜ. ಪಕ್ಕದ ಮನೆಯಲ್ಲೇ ಇದ್ದವನು ಊರಿನ ಆಚೆ ತುದಿಯಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ‘ತಮ್ಮ ಸುಖಾಗಮನ ಬಯಸುವ’ ಎಂಬ ಸಾಲಿನ ಕೆಳಗೆ ಅವನ ಭಾಮೈದನ ಹೆಸರು ಮೊದಲು, ನನ್ನದು ಆಮೇಲೆ. ನೀವು ನಗುತ್ತೀರಿ. ನಿಮ್ಮ ಹೆಸರು ಭಾಮೈದನ ಕೆಳಗೆ ಅಚ್ಚಾದಾಗ ನೋಡೋಣ. ನಾನು ಹೋಗಲಿಲ್ಲ. ಅಣ್ಣ ಬರಲಿಲ್ಲವೆಂದು ಅವನೂ ಬರುವುದು ಬಿಟ್ಟ. ವರ್ಷದ ಮೇಲಾಯಿತು. ಇದರಲ್ಲಿ ನಿಜವಾಗಿ ಪೆಟ್ಟು ತಿಂದವಳು ಜಾನು. ತಮ್ಮನ ಮೊಮ್ಮಗಳು ಭೂಮಿಯೂ ಅವಳೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. “ಭೂಮಿ ಯಾವಾಗ ಬರ್ತಾಳೆ ತಾತ?” ಎಂದು ಅವಳು ಕೇಳಿದಾಗಲೆಲ್ಲ ನನಗೆ ಮಗ್ಗದಲ್ಲಿ ಎಲ್ಲೋ ಎಳೆ ಕಡಿದಂತೆ ಕಾಣುತ್ತಿತ್ತು, ಎದ್ದು ಹೋಗುತ್ತಿದ್ದೆ. ಆಮೇಲಾಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಮರೆತಳೆಂದು ನಾನು ನಿರಾಳವಾಗಿದ್ದೆ.

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ. ನಾನು ಮಗ್ಗದ ಹತ್ತಿರ ಎಳೆ ಕಟ್ಟುತ್ತಿದ್ದೆ. ನನ್ನ ಕಾಫಿಯನ್ನು ಹೆಂಡತಿ ನಡುಮನೆಯ ಟೀಪಾಯಿಯ ಮೇಲಿಟ್ಟು, ಬಾಗಿಲಲ್ಲಿ ಹೆಬ್ಬೆರಳು ತೋರಿಸಿ ಹೋದಳು. ಅತ್ತ ನೋಡಿದರೆ ಲೋಟದ ಮುಂದೆ ಜಾನು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಒಂದು ಹುಬ್ಬು ಮೇಲೇರಿತು, ತುಟಿಯ ಒಂದೇ ತುದಿ ನಕ್ಕಿತು. ಲಂಗದ ಮರೆಯಿಂದ ಕೈ ಮೆಲ್ಲಗೆ ಹೊರಬಂದು ಲೋಟದ ಮೇಲೆ ಬಾಗಿ ಮತ್ತೆ ಮರೆಯಾಯಿತು. ಎಂಥ ಅಚ್ಚುಕಟ್ಟಾದ ಖಳನಾಯಕಿ! ನನ್ನ ಕಣ್ಣ ಮುಂದೆಯೇ ನಡೆದದ್ದನ್ನು ಬರೀ ಅಭಿನಯವೆಂದುಕೊಂಡು ಖುಷಿಪಟ್ಟು, ಕೈ ಒರೆಸಿಕೊಂಡು ಬಂದು, ಕಾಫಿ ಎತ್ತಿ ಒಂದು ಗುಟುಕು ಕುಡಿದೆ.

ಮಗ್ಗಕ್ಕೆ ಬಿಡುವ ಮಿಷನ್ ಎಣ್ಣೆಯ ರುಚಿ ನಿಮಗೆ ಗೊತ್ತಿರಲಾರದು, ಗೊತ್ತಾಗುವುದೂ ಬೇಡ. ಬಚ್ಚಲಿಗೆ ಓಡಿ ಉಗುಳಿ ಬಂದು ಕೂತೆ. ನನ್ನ ಸೊಸೆ ಬಂದು ಲೋಟದ ಮೇಲೆ ತೇಲುತ್ತಿದ್ದ ಎಣ್ಣೆಯನ್ನು ನೋಡಿ, ಜಾನುವಿನ ಕೈಯಲ್ಲಿದ್ದ ಉದ್ದ ಮೂತಿಯ ಎಣ್ಣೆ ಡಬ್ಬಿಯನ್ನು ನೋಡಿ, ಹೌಹಾರಿ ಮಗ್ಗಗಳ ಸ್ವಿಚ್ಚನ್ನೆಲ್ಲ ಆರಿಸಿಬಿಟ್ಟಳು. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಎದುರಿಗೆ ಕೂತು ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತಿದ್ದ ಜಾನು ಕೇಳಿದಳು:

“ತಾತ, ನೀನ್ಯಾಕೆ ಇನ್ನೂ ಬೀಳ್ತಿಲ್ಲ?”

ಎಣ್ಣೆ ಹೋಗಿದ್ದು ನಾಲಗೆಯ ತುದಿಗಷ್ಟೆ. ಫೋನಿನಲ್ಲಿ ಡಾಕ್ಟರೂ ಹೆದರಬೇಡಿ ಎಂದರು. ಆದರೆ ಆ ಡಬ್ಬಿ ಇರುತ್ತಿದ್ದ ಕಿಟಕಿಯಲ್ಲೇ, ಅದರ ಪಕ್ಕದಲ್ಲೇ, ಸೀರೆಯ ಕಲೆ ತೆಗೆಯುವ ಔಷಧಿಯ ಬಾಟಲಿಯೂ ಇತ್ತು. ಮಗುವಿನ ಕೈ ಒಂದು ಗೇಣು ಆಚೆಗೆ ಹೋಗಿದ್ದರೆ? ಅಥವಾ ಆ ಲೋಟ ಅವಳೇ ಕುಡಿಯುವ ಹಾಲಿನದಾಗಿದ್ದರೆ? ಆವತ್ತೇ ಎಲ್ಲ ಬಾಟಲಿಗಳೂ ಬೀರು ಸೇರಿ ಬೀಗ ಹಾಕಿಸಿಕೊಂಡವು.

ಸೊಸೆ ಹೊಡೆಯಲು ಕೈಯೆತ್ತಿದಳು. ನನ್ನ ಹೆಂಡತಿ ಅಡ್ಡ ಬಂದು ಮಗುವನ್ನು ಹತ್ತಿರ ಎಳೆದುಕೊಂಡಳು. “ಯಾಕೆ ಹಾಕ್ದೆ ಪುಟ್ಟಾ? ಅದು ವಿಷ ಅಂತ ಗೊತ್ತಾಗ್ಲಿಲ್ವಾ?”

“ವಿಷ ಅಲ್ಲಜ್ಜಿ, ಅದು ಕರೆಸೋ ಔಷಧಿ,” ಎಂದಳು ಜಾನು, ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯದೇ ಎಂಬಂತೆ. “ಟಿವೀಲಿ ಹಾಕ್ತಾರಲ್ಲ. ಕುಡಿದೋರು ಬೀಳ್ತಾರೆ. ಆಮೇಲೆ ಆಸ್ಪತ್ರೆಗೆ ಎಲ್ರೂ ಓಡಿ ಬರ್ತಾರೆ, ಜಗಳ ಆಡ್ಕೊಂಡು ಹೋಗಿರೋರೂ ಬರ್ತಾರೆ. ಅಳ್ತಾರೆ, ಕೈ ಹಿಡ್ಕೋತಾರೆ. ಬಿದ್ದೋರು ಎದ್ದು ಕೂತ್ಕೋತಾರೆ. ತಾತ ಬಿದ್ರೆ ಚಿಕ್ಕತಾತ ಬರ್ತಾರಲ್ಲ, ಭೂಮೀನೂ ಕರ್ಕೊಂಡು ಬರ್ತಾರೆ.”

ಆ ದೃಶ್ಯಗಳನ್ನು ನಾವು ಅವಳ ಪಕ್ಕದಲ್ಲೇ ಕೂತು ನೋಡಿದ್ದೆವು. ಮಾತು ಕೇಳದಿದ್ದರೂ ಬಾಟಲಿಯಲ್ಲಿ ವಿಷವಿದೆಯೆಂದು ನಮಗೆ ಗೊತ್ತಿತ್ತು, ಏಕೆಂದರೆ ಲೋಕದಲ್ಲಿ ವಿಷವಿರುವುದು ನಮಗೆ ಮೊದಲೇ ಗೊತ್ತು. ಅವಳಿಗೆ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಜೋಡಿಸಿಕೊಂಡಿದ್ದಳು.

ಹೆಂಡತಿ, ಸೊಸೆ ಇಬ್ಬರೂ ಧಾರಾವಾಹಿಯನ್ನು ಮನಸಾರೆ ಬೈದರು. ನಾನೂ ಬೈಯಬೇಕೆಂದು ಬಾಯಿ ತೆರೆದೆ. ಹುಬ್ಬು ಏರಿಸುವುದು, ಕದ್ದು ಸುರಿಯುವುದು ಟಿವಿಯ ಪಾಠವೇ, ಅದರಲ್ಲಿ ಅನುಮಾನವಿಲ್ಲ. ಆದರೆ ತಾತ ಬಿದ್ದರೆ ಮಾತ್ರ ಚಿಕ್ಕತಾತ ಬರುತ್ತಾನೆ ಎಂಬುದು? ಅದನ್ನು ಯಾವ ವಾಹಿನಿ ಹೇಳಿಕೊಟ್ಟಿತು? ಮಗು ಹಾಕಿದ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಾನು ಬಿದ್ದಿದ್ದರೆ ಅವನು ಚಪ್ಪಲಿ ಮೆಟ್ಟದೆ ಓಡಿ ಬರುತ್ತಿದ್ದ. ಬೀಳದೆ ನಿಂತಿರುವ ಅಣ್ಣನನ್ನು ನೋಡಲು ಮಾತ್ರ ಅವನಿಗೆ ಕಾರಣವಿರಲಿಲ್ಲ. ನನಗೂ ಇರಲಿಲ್ಲ. ಎಣ್ಣೆ ಕುಡಿದಾಗ ಆದದ್ದಕ್ಕಿಂತ ದೊಡ್ಡ ಗಾಬರಿ ನನಗೆ ಆಗ ಆಯಿತು.

ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ, ಸ್ಕೂಟರ್ ಹೊರಗೆ ತೆಗೆದೆ. “ಎಲ್ಲಿಗ್ರೀ?” ಎಂದಳು ಹೆಂಡತಿ. “ಬಾಮ್ಮಾ ಜಾನು,” ಎಂದೆ, ಅಷ್ಟೆ. ಮಗು ಹಿಂದೆ ಹತ್ತಿ ನನ್ನ ಸೊಂಟ ಹಿಡಿದುಕೊಂಡಳು.

ಬೆಲ್ ಒತ್ತಿದಾಗ ಬಾಗಿಲು ತೆಗೆದವನು ನಾಗರಾಜನೇ. ನನ್ನನ್ನು ಕಂಡು ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಅಣ್ಣ! ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ ಕಣೋ. ಸುಮ್ನೆ ಬಂದ್ವಿ.”

“ಅತ್ತಿಗೆ ಹುಷಾರಾಗಿದ್ದಾರಾ?”

“ಹುಷಾರಾಗಿದ್ದಾಳೆ.”

“ನಿಂಗೆ? ಬಿಪಿ ಗಿಪಿ ಏನಾದ್ರೂ...”

ಜಾನು ನಮ್ಮಿಬ್ಬರ ನಡುವೆ ತೂರಿಕೊಂಡು “ಭೂಮೀ!” ಎಂದು ಕೂಗುತ್ತ ಒಳಗೆ ಓಡಿದಳು. ನಾಗರಾಜನಿಗೆ ಮಾತ್ರ ನಂಬಿಕೆ ಬರಲಿಲ್ಲ. ಸುಮ್ಮನೆ ಬರುವ ಅಣ್ಣನನ್ನು ಅವನು ಕಂಡಿದ್ದರೆ ತಾನೇ? ನನ್ನ ಮುಖವನ್ನೇ ನೋಡುತ್ತ, ಗೋಡೆಯ ಮೊಳೆಗೆ ಕೈ ಹಾಕಿ ಕಾರಿನ ಕೀಲಿ ತೆಗೆದುಕೊಂಡು, ಒಂದು ಕಾಲನ್ನು ಆಗಲೇ ಚಪ್ಪಲಿಯೊಳಗೆ ತೂರಿಸಿದ್ದ. ಯಾವ ಆಸ್ಪತ್ರೆಗೆ ಎಂದು ನಾನು ಹೇಳುವುದೊಂದೇ ಬಾಕಿ. ನಾನು ಆ ಕೀಲಿಯನ್ನು ಅವನ ಕೈಯಿಂದ ಬಿಡಿಸಿ ಮತ್ತೆ ಮೊಳೆಗೆ ಹಾಕಿದೆ. ಆಮೇಲೆ, ಅವನ ಮನೆಯಲ್ಲಿ ಅವನಿಗೇ, “ಕೂತ್ಕೊಳ್ಳೋ” ಎಂದೆ.