ಎಕ್ಸ್‌ರೇಗೆ ಕಾಣದ ಸಿಮೆಂಟು

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದೆ ನಾನು ಹಲ್ಲಿನ ಕ್ಲಿನಿಕ್ ತೆರೆದು ಮೂರನೇ ವರ್ಷ. ಜೀರಹಳ್ಳಿಯಲ್ಲಿ ಕೋಸು ಬೆಳೆಯುವ ಹೆಂಗಸೊಬ್ಬರು ಒಂದು ಬೆಳಿಗ್ಗೆ ಬಂದು ಎಕ್ಸ್‌ರೇ ಕವರನ್ನು ನನ್ನ ಮೇಜಿನ ಮೇಲೆ ಎಸೆದರು. ಹಿಂದಿನ ವರ್ಷ ಅವರ ದವಡೆ ಹಲ್ಲಿನ ಹುಳುಕು ಕೆರೆದು ತುಂಬಿದ್ದವಳು ನಾನೇ. ಬೆಟ್ಟದ ಕೆಳಗಿನ ಸತ್ಯಮಂಗಲಕ್ಕೆ ಮಗಳ ಮನೆಗೆ ಹೋದಾಗ, ಬೇರೊಂದು ಹಲ್ಲು ತೋರಿಸಲು ಅಲ್ಲಿನ ಹಿರಿಯ ವೈದ್ಯರೊಬ್ಬರ ಬಳಿ ಹೋಗಿದ್ದರಂತೆ. ಎಕ್ಸ್‌ರೇ ತೆಗೆದವರು ಅವರೇ.

"ನೀನು ತುಂಬಿದ್ದರ ಅಡೀಲಿ ಸೊತ್ತೆ ಅದಂತೆ, ಉಳ ತಿಂದದಂತೆ, ಅಲ್ಲು ಕೀಳ್ಬೇಕಂತೆ. ನೋವೇ ಇಲ್ದ ಅಲ್ಲ ಯಾಕ್ ಕೀಳ್ತೀರಿ ಅಂದು ಎದ್ದು ಬಂದ್ಬುಟ್ಟೆ ಕಣ್ ಕೂಸು. ನೀನೇನಂತೀಯ?"

ಫಿಲ್ಮನ್ನು ಬೆಳಕಿಗೆ ಹಿಡಿದೆ. ಮೇಲೆ ತುಂಬಿದ್ದು ಬೆಳ್ಳಗಿತ್ತು, ಅದರ ಕೆಳಗೆ ಕಪ್ಪು ಪಟ್ಟಿ. ಹುಳುಕೂ ಹಾಗೇ ಕಾಣುತ್ತದೆ. ಹಿಂದಿನ ವರ್ಷ ಬರೆದಿಟ್ಟಿದ್ದ ಅವರ ಕಾರ್ಡ್ ತೆಗೆದು ನೋಡಿದೆ. ಅಡಿಗೆ ಹಾಕಿದ್ದು ಹಳೆಯ ಬಗೆಯ, ಗಾಜಿನ ಪುಡಿಯ ಸಿಮೆಂಟು. ಎಕ್ಸ್‌ರೇಯನ್ನು ತಡೆಯುವಂಥ ಭಾರದ ಧಾತು ಅದರಲ್ಲಿರಲಿಲ್ಲ. ಸತುವೋ ಬೇರಿಯಮ್ಮೋ ಸ್ಟ್ರಾನ್ಷಿಯಮ್ಮೋ ಇದ್ದಿದ್ದರೆ ಬೆಳ್ಳಗೆ ಕಾಣುತ್ತಿತ್ತು.

ಆ ವೈದ್ಯರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಬೆಟ್ಟದ ಮೇಲಿನ ಕೆಲಸ ಹೀಗೇ ಅಲ್ವಾಮ್ಮ" ಎಂದು ತಮಿಳಿನಲ್ಲಿ ಹೇಳಿ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಂದೇ ಮಧ್ಯಾಹ್ನ ನನ್ನಲ್ಲಿದ್ದ ಸಿಮೆಂಟುಗಳನ್ನೆಲ್ಲ ಕಲಸಿ, ಒಂದೇ ದಪ್ಪದ ಪುಟ್ಟ ಬಿಲ್ಲೆ ಮಾಡಿ, ಗಟ್ಟಿಯಾದ ಮೇಲೆ ಫಿಲ್ಮಿನ ಮೇಲೆ ಸಾಲಾಗಿಟ್ಟು ಎಕ್ಸ್‌ರೇ ತೆಗೆದೆ. ಸತುವಿನದು ಸುಣ್ಣದ ಹಾಗೆ ಬೆಳ್ಳಗೆ ಬಂತು. ಆ ಹಳೆಯ ಸಿಮೆಂಟಿನ ಜಾಗದಲ್ಲಿ ಬರೀ ಮಸುಕು ನೆರಳು.

ಮರುದಿನ ಆ ಹೆಂಗಸನ್ನೂ ಕರೆದುಕೊಂಡು ಬಸ್ಸಿನಲ್ಲಿ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದೆ. ವೈದ್ಯರು ನನ್ನ ಫಿಲ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸರಿ, ಸಿಮೆಂಟು ಕಾಣಲ್ಲ. ಆದರೆ ಅದರ ಕೆಳಗೆ ಹುಳುಕಿಲ್ಲ ಅಂತ ನೀನು ಹೇಗೆ ಹೇಳ್ತೀಯ?"

"ಹೇಳೋಕ್ಕಾಗಲ್ಲ ಸರ್. ಇದೆ ಅಂತ ನೀವೂ ಹೇಳೋಕ್ಕಾಗಲ್ಲ. ತೆರೆದು ನೋಡದೆ ಕೀಳೋದಕ್ಕೆ ನಾನು ಬಿಡಲ್ಲ. ಈಗಲೇ, ನಿಮ್ಮ ಕುರ್ಚಿಯಲ್ಲೇ ತೆರೆಯಿರಿ."

ಅವರೇ ಕೊರೆದರು. ಕಪ್ಪಗೆ ಕಂಡಿದ್ದ ಜಾಗದಲ್ಲಿ ಸಿಮೆಂಟು ಕಚ್ಚಿಕೊಂಡು ಕೂತಿತ್ತು. ಅದನ್ನೂ ತೆಗೆದು, ಕೆಳಗಿನ ಹಲ್ಲನ್ನು ಚೂಪು ಕಡ್ಡಿಯ ಮೊನೆಯಿಂದ ಒತ್ತಿ ಒತ್ತಿ ನೋಡಿದರು. ಹುಳುಕಿನ ಹಾಗೆ ಎಲ್ಲೂ ಮೆತ್ತಗಿರಲಿಲ್ಲ. "ಹಲ್ಲು ಗಟ್ಟಿಯಾಗಿದೆ" ಎಂದು ಗೊಣಗಿದರು.

ಹೆಂಗಸು ಬಾಯಿ ಮುಕ್ಕಳಿಸಿ ಉಗಿದು ಕೇಳಿದರು: "ಏನಂದ್ರಿ ಸಾಮಿ? ವಸಿ ಜೋರಾಗಿ ಏಳಿ, ಒರಗೆ ಕುಂತಿರೋರ್ಗೂ ಕೇಳ್ಲಿ."

ಅವರು ಹೇಳಿದರು, ಜೋರಾಗಿಯೇ.

ತಪ್ಪು ನನ್ನದೂ ಇತ್ತು. ಎಕ್ಸ್‌ರೇಯಲ್ಲಿ ಕಾಣದ್ದನ್ನು ಒಳಗಿಟ್ಟಿದ್ದೇನೆ ಎಂದು ಆಕೆಗೆ ತಿಳಿಸಿ, ಒಂದು ಚೀಟಿಯಾದರೂ ಬರೆದುಕೊಡಬೇಕಿತ್ತು. ಅದನ್ನು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ತಲೆಯನ್ನೇನೂ ತಗ್ಗಿಸಲಿಲ್ಲ. ಕೈಗವಸು ತೊಟ್ಟು, ಅವರದೇ ಕಪಾಟಿನಿಂದ ಸ್ಟ್ರಾನ್ಷಿಯಂ ಬೆರೆತ ಸಿಮೆಂಟು ಕೇಳಿ ತೆಗೆದುಕೊಂಡು, ಆ ಹಲ್ಲನ್ನು ಮತ್ತೆ ನಾನೇ ತುಂಬಿದೆ. ವೈದ್ಯರು ಪಕ್ಕದಲ್ಲಿ ನಿಂತು ದೀಪ ಹಿಡಿದರು.