ತಲೆ ಹೊರಗೆ ಬರುವ ತನಕ

ಹಿರಿಯೂರಿನ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ ಮೈಕ್ರೋಸ್ಕೋಪಿನ ಬಳಿ ನಿಂತಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಬಬ್ಬೂರಿನ ಕಾಲುವೆ ನೀರಿನ ಹನಿಯಲ್ಲಿ ರೋಟಿಫರ್ ಎಂಬ ಜೀವಿ ಇರುತ್ತಿತ್ತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮೇಜು ಅಲುಗಿದರೆ ಸಾಕು, ತಲೆಯನ್ನು ಒಳಗೆಳೆದುಕೊಳ್ಳುತ್ತಿತ್ತು. ಹಾಗಾದಾಗಲೆಲ್ಲ ನಾನು ದಿನಚರಿಯಲ್ಲಿ ಆ ದಿನಾಂಕದ ಕೆಳಗೆ ಲೆಕ್ಕಕ್ಕೆಂದು ಒಂದು ಗೆರೆ ಹಾಕುತ್ತಿದ್ದೆ. ಮೇಡಂ ಹೇಳುತ್ತಿದ್ದದ್ದು ಒಂದೇ ಮಾತು: "ಕಾಯ್ರಪ್ಪ, ತಲೆ ಅದರದ್ದು. ಅದಕ್ಕೆ ಬೇಕಾದಾಗ ಹೊರಗೆ ಹಾಕ್ತೈತೆ."

ಪ್ರಾಯೋಗಿಕ ಪರೀಕ್ಷೆಯಲ್ಲಿ ಆ ತಲೆ ತೋರಿಸಿದರಷ್ಟೇ ನನಗೆ ಅಂಕ. ಚಿತ್ರದುರ್ಗದಿಂದ ಬಂದ ಪರೀಕ್ಷಕರು ಚೀಲವನ್ನು ಮೇಜಿನ ಮೇಲೆ ಕುಕ್ಕಿದರು. ತಲೆ ಒಳಗೆ ಹೋಯಿತು. ಅವರು ಮೈಕ್ರೋಸ್ಕೋಪಿನಲ್ಲಿ ಇಣುಕಿದರು.

"ಎಲ್ಲೈತಮ್ಮಾ ತಲೆ? ಬರೇ ಉಂಡೆ ಐತೆ. ನಂಗೆ ಬಸ್ ಹಿಡಿಬೇಕು."

"ಕುಂತ್ಕಳ್ರಿ ಸಾರ್. ತಲೆ ಅದರದ್ದು," ಎಂದರು ಮೇಡಂ, ಕಟ್ಟಿದ ಕೈ ಬಿಡದೆ.

"ಹೌದ್ರಿ, ಅದಕ್ಕೇನು ಬಸ್ ಹಿಡಿಯೋದೈತಾ?" ಎಂದು ಗೊಣಗುತ್ತ ಪರೀಕ್ಷಕರು ಕುಳಿತು ಮತ್ತೆ ಕಣ್ಣಿಟ್ಟರು. ಯಾರೂ ಅಲುಗಲಿಲ್ಲ.

"ಬಂತು! ತಲೆ ಮೇಲೆ ಎರಡು ಚಕ್ರ ತಿರುಗ್ತಾವಲ್ರೀ!"

"ಚಕ್ರ ಅಲ್ಲ ಸಾರ್," ಎಂದೆ. "ಸಣ್ಣ ಸಣ್ಣ ರೋಮ ಅವೆ. ಒಂದಾದ ಮೇಲೊಂದು ಬಾಗ್ತಾವೆ, ಅದಕ್ಕೇ ತಿರುಗಿದಂಗೆ ಕಾಣ್ತೈತೆ. ನೀರು ಸುಳಿದು ಆಹಾರ ಬಾಯಿಗೆ ಬರ್ತೈತೆ."

"ಬಾಯೆಲ್ಲೈತೆ?"

"ಎರಡರ ನಡುವೆ, ಕೆಳಗೆ."

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. "ಯಾರೂ ಮೇಜು ಮುಟ್ಟಬ್ಯಾಡ್ರಿ," ಎಂದರು ಪರೀಕ್ಷಕರು. ಅಂಕ ಬರೆಯುವ ಪೆನ್ನಿನ ಸಮೇತ ಅವರ ಕೈಗಳೂ ಬೆನ್ನ ಹಿಂದೆ ಹೋಗಿದ್ದವು.