ಸೋಮವಾರದ ಮಾತ್ರೆ

ಕಳೆದ ಸೋಮವಾರ ಬೆಳಿಗ್ಗೆ ಬಿಪಿ ಮಾತ್ರೆಯನ್ನು ಅದರ ಬೆಳ್ಳಿ ಹಾಳೆಯಿಂದ ಒತ್ತಿ ತೆಗೆದೆ. ಚಟ್ ಎಂದಿತು. ಆ ಸದ್ದಿಗೆ ನಮ್ಮೂರಿನ ನರ್ಸಮ್ಮ ಕಣ್ಣ ಮುಂದೆ ಬಂದು ನಿಂತರು... ಬಿಳಿ ಸೀರೆ, ಹೆಗಲಿಗೆ ಚೀಲ, ಪಾದದ ತುಂಬ ಕೆಮ್ಮಣ್ಣು.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊನ್ನವಳ್ಳಿ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದ ನನಗೆ ಆರು ವರ್ಷದಲ್ಲಿ ಮೂರು ಮಕ್ಕಳು. ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ನಾನು ಉಳಿದಿದ್ದೇ ಹೆಚ್ಚು. ಬೇಗ ಮತ್ತೆ ಬಸುರಾದರೆ ಜೀವಕ್ಕೇ ಅಪಾಯ ಎಂದು ನರ್ಸಮ್ಮ ಎಚ್ಚರಿಸಿದ್ದರು. ಆಪರೇಷನ್ ಮಾತೆತ್ತಿದರೆ ಅತ್ತೆ ಸಿಡಿಯುತ್ತಿದ್ದರು. ಗಂಡನ ಹತ್ತಿರ ಇಂಥದ್ದನ್ನು ಆಡಲು ನನಗೇ ನಾಚಿಕೆ. ಕೊನೆಗೆ ನರ್ಸಮ್ಮ ಮಗು ನೋಡುವ ನೆಪದಲ್ಲಿ ಬಂದು, ಬಸುರು ತಡೆಯುವ ಮಾತ್ರೆಗಳನ್ನು ನನ್ನ ಸೆರಗಿಗೆ ಹಾಕಿ, ದಿನಕ್ಕೊಂದು ಎಂದು ಪಿಸುಗುಟ್ಟಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದರಿಂದ ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ.

ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಹರಡಿದ್ದ ತೆಂಗಿನಕಾಯಿಗಳ ಸಂದಿಯಲ್ಲಿ ಅವನ್ನು ಬಚ್ಚಿಟ್ಟೆ. ಬೆಳಿಗ್ಗೆ ಎದ್ದು ಅಟ್ಟ ಹತ್ತಿ, ಒಂದು ನುಂಗಿ ಇಳಿಯುತ್ತಿದ್ದೆ. ಸೊಸೆಗೆ ಕಾಯಿಗಳ ಮೇಲೆ ಎಷ್ಟು ಕಾಳಜಿ ಎಂದು ಅತ್ತೆಗೂ ಸಂತೋಷ.

ಆದರೂ ಎಂಟು ತಿಂಗಳಿಗೆ ಮುಟ್ಟು ನಿಂತಿತು. ಹೆದರುತ್ತಲೇ ನರ್ಸಮ್ಮನಿಗೆ ಹೇಳಿದೆ. ಒಂದು ದಿನವೂ ಮರೆತಿಲ್ಲವೆಂದು ಆಣೆ ಮಾಡಿದೆ. ಸಾಲದ್ದಕ್ಕೆ, ಮಿಕ್ಕಿದ್ದ ಮಾತ್ರೆಗಳನ್ನೂ ಹೆಮ್ಮೆಯಿಂದ ಮುಂದಿಟ್ಟೆ. ಸರ್ಕಾರದ ವಸ್ತು ದಂಡವಾಗಬಾರದಲ್ಲ! ಅವರು ಅವನ್ನೇ ದಿಟ್ಟಿಸಿ, ಇಷ್ಟೊಂದು ಹೇಗೆ ಮಿಕ್ಕವು ಎಂದು ಕೇಳಿದರು.

"ಸೋಮಾರ ಒಪ್ಪೊತ್ತು ಕಣ್ರೀ, ಶ್ರಾವಣದಾಗೆ ಶುಕ್ರವಾರನೂವೆ. ಅವತ್ತು ಮಾತ್ರೆ ನುಂಗುದ್ರೆ ವ್ರತ ಕೆಡಲ್ವಾ?" ಎಂದೆ.

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ನರ್ಸಮ್ಮ ಜಗುಲಿಯ ಮೇಲೆ ಕುಳಿತರು.

"ತಪ್ಪು ನಂದು ಕಣವ್ವ. ದಿನಾ ನುಂಗು ಅಂದೆ. ಯಾವತ್ತು ನುಂಗಾಕಾಗಲ್ಲ ಅಂತ ನಿನ್ನ ಕೇಳ್ಲೇ ಇಲ್ಲ."

ತಪ್ಪು ತನ್ನದು ಎಂದು ನನ್ನೆದುರು ಅದುವರೆಗೆ ಯಾರೂ ಹೇಳಿರಲಿಲ್ಲ. ಅತ್ತೆಗೂ ಅವರು ಅದನ್ನೇ ಹೇಳಿ, ನನ್ನ ಪಾಲಿನ ಬೈಗುಳವನ್ನೆಲ್ಲ ತಾವೇ ತಿಂದರು. ಆಮೇಲೆ ವಾರ ತಪ್ಪದೆ ಬಂದು ರಕ್ತ ಹೆಚ್ಚಿಸುವ ಮಾತ್ರೆಯನ್ನು ಎದುರಲ್ಲೇ ನುಂಗಿಸುತ್ತಿದ್ದರು. ಅದಕ್ಕೆಂದೇ ಸೋಮವಾರವೇ ಬರುತ್ತಿದ್ದರು. ದಿನ ತುಂಬುವ ಮೊದಲೇ ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ಮತ್ತೆ ರಕ್ತ ಹೋಯಿತು, ಆದರೆ ಕೊಡಲು ಅಲ್ಲಿ ರಕ್ತವಿತ್ತು. ಬದುಕಿದೆ. ಜೊತೆಗಿದ್ದು ಎಲ್ಲವನ್ನೂ ನೋಡಿದ ಅತ್ತೆಯೇ ಮಗನಿಗೆ, "ಸಾಕು ಬುಡು, ಆಪರೇಷನ್ ಮಾಡಿಸ್ಕಳ್ಳಿ," ಎಂದರು.

ನರ್ಸಮ್ಮ ಆಮೇಲೆ ಯಾರ ಮನೆಗೆ ಹೋದರೂ ಕೇಳುತ್ತಿದ್ದ ಮೊದಲ ಪ್ರಶ್ನೆ, ಯಾವ್ಯಾವ ವಾರ ಒಪ್ಪೊತ್ತು ಎಂಬುದು. ಒಂದು ದಿನ ಅವರಿಗೆ ವರ್ಗವಾಯಿತು. ತೀರಿಕೊಂಡರೆಂಬ ಸುದ್ದಿ ನನಗೆ ಮುಟ್ಟುವಾಗ ವರ್ಷವೇ ಕಳೆದಿತ್ತು. ನಿಮ್ಮಿಂದ ಬದುಕಿದೆ ಎಂಬ ಒಂದು ಮಾತನ್ನು ಅವರಿಗೆ ಹೇಳಲೇ ಇಲ್ಲ...

"ಇವತ್ತು ಸೋಮಾರ ಅಲ್ವೇನಮ್ಮ, ಒಪ್ಪೊತ್ತಿಲ್ವಾ?" ಎಂದು ನನ್ನ ಕೈಯಲ್ಲಿದ್ದ ಬಿಪಿ ಮಾತ್ರೆ ನೋಡಿ ಮಗಳು ಕೇಳಿದಳು. ಬೇಡವೆಂದರೂ ಬಂದ ಆ ನಾಲ್ಕನೆಯವಳೇ.

"ಒಪ್ಪೊತ್ತೇ ಕಣೇ," ಎಂದು ಮಾತ್ರೆ ಬಾಯಿಗೆ ಹಾಕಿಕೊಂಡೆ. ಅವಳು ನೀರು ಕೊಟ್ಟಳು.